ಹಣ್ಣಾಗದ ನಂಜು: ಕೇರಳದ ಆರೋಗ್ಯ ಸಚಿವರಿಗೂ ಕಾಸರಗೋಡಿನ ಕನ್ನಡಿಗರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳೇ, ನನ್ನ ಊರಿನ ಬಂಧುಗಳೇ,

ನಾನು ಕಾಸರಗೋಡು ಜಿಲ್ಲೆಯ ಗಡಿ ಹಳ್ಳಿಯೊಂದರವಳು. ಅಡಿಕೆ ಕೃಷಿಕರ ಮನೆ ನಮ್ಮದು. ನಮ್ಮ ಮನೆಯವರಿಗೆ ಕೆಲವು ವರ್ಷದ ಹಿಂದೆ ಕಿಡ್ನಿ ಕಸಿ ಆಯಿತು. ನನ್ನ ನಾದಿನಿ ತನ್ನ ಒಂದು ಕಿಡ್ನಿಯನ್ನು ಅಣ್ಣನಿಗೆ ಕೊಟ್ಟಳು. ಅಂದಿನಿಂದ ಅವರು ದಿನಕ್ಕೆ ಎರಡು ಹೊತ್ತು ಗಡಿಯಾರ ನೋಡಿಕೊಂಡು ಮಾತ್ರೆ ನುಂಗುತ್ತಾರೆ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್. ತಂಗಿ ಕೊಟ್ಟ ಕಿಡ್ನಿಯನ್ನು ದೇಹ ಹೊರಗಿನದ್ದು ಅಂತ ತಳ್ಳಿಬಿಡಬಾರದು. ಅದಕ್ಕೆ ಈ ಮಾತ್ರೆಗಳು ದೇಹದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿ ಇಡುತ್ತವೆ. ಇಷ್ಟು ನಮಗೆ ಗೊತ್ತಿತ್ತು. ಹಾಗೆ ತಗ್ಗಿದ ದೇಹದಲ್ಲಿ ಒಂದು ತರಚು ಗಾಯ ಹೇಗೆ ವರ್ತಿಸುತ್ತದೆ ಅನ್ನುವುದು ಗೊತ್ತಿರಲಿಲ್ಲ. ಯಾರೂ ನಮಗೆ ತಿಳಿಯುವ ಭಾಷೆಯಲ್ಲಿ ಹೇಳಿರಲಿಲ್ಲ.

ಕಳೆದ ಆಟಿ ತಿಂಗಳಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ.

ನಾಲ್ಕು ದಿನ ಬಿಡದೆ ಸುರಿದ ಮಳೆ ಒಂದು ಮಧ್ಯಾಹ್ನ ಹೊಳವಾಯಿತು. ಕೊಳೆರೋಗ ಎಲ್ಲಿಯವರೆಗೆ ಬಂದಿದೆ ಅಂತ ನೋಡಿ ಬರುತ್ತೇನೆ ಅಂತ ಇವರು ತೋಟಕ್ಕೆ ಇಳಿದರು. ಕಣಿ ದಾಟುವ ಅಡಿಕೆ ಮರದ ಸಂಕ ಪಾಚಿ ಹಿಡಿದು ಜಾರುತ್ತಿತ್ತು. ಕಾಲು ತಪ್ಪಿ ಮೊಣಕಾಲಿನ ಕೆಳಗೆ ಮುರಕಲ್ಲಿಗೆ ಉಜ್ಜಿತು. ದೊಡ್ಡ ಗಾಯ ಏನಲ್ಲ. ಒಂದು ಅಡಿಕೆ ಹೋಳಿನಷ್ಟು ಜಾಗದಲ್ಲಿ ಚರ್ಮ ಕಿತ್ತಿತ್ತು, ಅಷ್ಟೇ. ಕಣಿಯ ನೀರಲ್ಲೇ ತೊಳೆದುಕೊಂಡು ಬಂದರು. ಅತ್ತೆ ಅರಸಿನ ಕಲಸಿದ ತೆಂಗಿನೆಣ್ಣೆ ಹಚ್ಚಿದರು. ನಮ್ಮಲ್ಲಿ ಯಾರ ಮನೆಯಲ್ಲಾದರೂ ಮಾಡುವುದು ಅದನ್ನೇ ಅಲ್ವಾ?

ಮೂರನೇ ದಿನ ಬೆಳಗ್ಗೆ ಕಾಲು ಬಿಗಿಯಾಗುತ್ತಿದೆ ಅಂದರು. ನೋಡಿದರೆ ಕೆಂಪಗೆ ಏನೂ ಕಾಣಲಿಲ್ಲ. ನಮ್ಮದು ಕಪ್ಪು ಚರ್ಮ. ಪುಸ್ತಕದ ಚಿತ್ರಗಳಲ್ಲಿ ಇರುವ ಹಾಗೆ ಕೆಂಪಾಗುವುದಿಲ್ಲ. ಸ್ವಲ್ಪ ಗಾಢ ಬಣ್ಣಕ್ಕೆ ತಿರುಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಅತ್ತೆ ಅಂಗೈ ತಿರುಗಿಸಿ, ಬೆರಳಿನ ಹಿಂಬದಿಯನ್ನು ಒಂದು ಕಾಲಿಗೆ ಇಟ್ಟರು, ಆಮೇಲೆ ಇನ್ನೊಂದಕ್ಕೆ. "ಈ ಕಾಲು ಇಷ್ಟು ಬಿಸಿ ಎಂತಕ್ಕೆ ಮಗಾ? ನಂಜಾಗಿದೆ" ಅಂದರು. ಅತ್ತೆಗೆ 74 ವರ್ಷ. ಆ ಮನೆಯಲ್ಲಿ ರೋಗವನ್ನು ಸರಿಯಾಗಿ ಗುರುತಿಸಿದವರು ಮೊದಲು ಅವರೇ.

ಹತ್ತಿರದ ಒಂದು ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋದೆವು. ಮಳೆಗಾಲ, ಜ್ವರದ ಸಾಲು ಅಂಗಳದವರೆಗೆ ಇತ್ತು. ನಮ್ಮ ಸರದಿ ಬಂದಾಗ ಡಾಕ್ಟರು ಎರಡು ಪ್ರಶ್ನೆ ಕೇಳಿದರು. "ಪನಿಯುಂಡೋ? ಪಳುಪ್ಪುಂಡೋ?" ಜ್ವರ ಇದೆಯಾ, ಕೀವು ಇದೆಯಾ ಅಂತ. ಎರಡೂ ಇರಲಿಲ್ಲ. ಇಲ್ಲ ಅಂದೆವು. "ಕಿಡ್ನಿ ಆಪರೇಷನ್ ಆಗಿದೆ" ಅಂತ ಇವರು ಹೇಳಿದರು. ಡಾಕ್ಟರು ಅದನ್ನು ಕಿಡ್ನಿ ಕಲ್ಲಿನ ಆಪರೇಷನ್ ಅಂತ ತಿಳಿದುಕೊಂಡರು. ಇದು ನನಗೆ ಆಮೇಲೆ ಚೀಟಿ ನೋಡಿದಾಗ ಗೊತ್ತಾಯಿತು. ಒಂದು ಮುಲಾಮು ಬರೆದುಕೊಟ್ಟು, ಜ್ವರ ಬಂದರೆ ಬನ್ನಿ, ಇಲ್ಲದಿದ್ದರೆ ಮೂರು ದಿನ ಬಿಟ್ಟು ಬನ್ನಿ ಅಂದರು. ಆ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಆರೋಗ್ಯವಾಗಿರುವ ಮನುಷ್ಯನ ವಿಷಯದಲ್ಲಿ ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಎದುರು ಕೂತವರು ಅಂಥವರಾಗಿರಲಿಲ್ಲ.

ಆ ಸಂಜೆ ಪಕ್ಕದ ಮನೆಯ ಹಾಸಿಗೆ ಹಿಡಿದ ಅಜ್ಜನನ್ನು ನೋಡಲು ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಬಂದಿದ್ದರು. ನಮ್ಮ ಅಂಗಳದಲ್ಲಿ ನಡೆದು ಹೋಗುವಾಗ ಜಗಲಿಯಲ್ಲಿ ಕಾಲು ಚಾಚಿ ಕೂತ ಇವರನ್ನು ನೋಡಿ ನಿಂತರು. ಮಾತ್ರೆಯ ಪಟ್ಟಿ ತರಿಸಿ ನೋಡಿದರು. ಮುಖ ಬಿಗಿಯಾಯಿತು. ಚೀಲದಿಂದ ನೀಲಿ ಬಾಲ್‌ಪೆನ್ ತೆಗೆದರು. ಬೆರಳಿನಿಂದ ಒತ್ತಿ ಒತ್ತಿ, ಬಿಸಿ ಎಲ್ಲಿಗೆ ಮುಗಿಯುತ್ತದೆ ಅಂತ ಹುಡುಕುತ್ತಾ, ಕಾಲಿನ ಸುತ್ತ ಒಂದು ಗೆರೆ ಎಳೆದರು. ಗೆರೆಯ ಪಕ್ಕ ಚರ್ಮದ ಮೇಲೇ "5.20" ಅಂತ ಸಮಯ ಬರೆದರು. "ಚೇಚಿ, ಈ ಗೆರೆ ನೋಡ್ತಾ ಇರಿ. ದಾಟಿದ್ರೆ ನಾಳೆ ಅಂತ ಹೇಳ್ಬೇಡಿ" ಅಂತ ಅರ್ಧ ಕನ್ನಡ, ಅರ್ಧ ಮಲಯಾಳದಲ್ಲಿ ಹೇಳಿದರು. ಈಗಲೇ ಹೊರಟರೆ ಇನ್ನೂ ಒಳ್ಳೆಯದು ಅಂತಲೂ ಸೇರಿಸಿದರು. ನಾವು ಮಳೆ ನೋಡಿ ಸ್ವಲ್ಪ ತಡೆದೆವು. ತಡೆಯಬಾರದಿತ್ತು.

ರಾತ್ರಿ ಒಂಬತ್ತೂವರೆಗೆ ಟಾರ್ಚ್ ಹಿಡಿದು ನೋಡಿದೆ. ಬಾವು ಗೆರೆಯಿಂದ ಎರಡು ಬೆರಳು ಮೇಲೆ ಹೋಗಿತ್ತು. ಆಗಲೂ ಜ್ವರ ಇಲ್ಲ, ಒಂದು ಹನಿ ಕೀವು ಇಲ್ಲ. ಆದರೆ ನೋವು ಎಷ್ಟಿತ್ತು ಅಂದರೆ ಬೈರಾಸು (ಟವೆಲ್) ಸೋಕಿದರೂ ಹಲ್ಲು ಕಚ್ಚುತ್ತಿದ್ದರು. ನೆರೆಯವರ ಕಾರಿನಲ್ಲಿ ಮಂಗಳೂರಿಗೆ ಹೊರಟೆವು. ಅಲ್ಲಿಯ ಡಾಕ್ಟರು ಕಾಲು ನೋಡುವ ಮೊದಲು ಕೇಳಿದ್ದು ಒಂದೇ: "ಯಾವ ಯಾವ ಮಾತ್ರೆ ತಗೊಳ್ತಿದ್ದಾರೆ?" ಅಷ್ಟು ಹೊತ್ತಿಗೆ ಬಿಪಿ ಇಳಿಯುತ್ತಿತ್ತು. 16 ದಿನ ಅಲ್ಲಿದ್ದೆವು. ಸತ್ತ ಚರ್ಮ, ಅದರ ಕೆಳಗಿನ ಪದರ ಎಲ್ಲ ಎರಡು ಸಲ ಕತ್ತರಿಸಿ ತೆಗೆದರು. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಕಾಲು ಉಳಿಯಿತು. ಕಿಡ್ನಿಯೂ ಉಳಿಯಿತು. ಬೆಳಗ್ಗೆವರೆಗೆ ಕಾದಿದ್ದರೆ ಎರಡರಲ್ಲಿ ಒಂದಕ್ಕೂ ಜವಾಬ್ದಾರಿ ಹೇಳುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು.

ಆಸ್ಪತ್ರೆಯ ಆ 16 ದಿನದಲ್ಲಿ ನಾನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಈಗ ನನ್ನ ಊರಿನವರಿಗಾಗಿ ಬರೆಯುತ್ತೇನೆ. ಅಧಿಕಾರಿಗಳಿಗೆ ಇದು ಗೊತ್ತಿರುವ ವಿಷಯ. ಆದರೂ ಓದಿ.

ಕುರು ಎದ್ದರೆ ನಾವು "ಹಣ್ಣಾಗಲಿ" ಅನ್ನುತ್ತೇವೆ. ಮಲಯಾಳದಲ್ಲಿ ಪಳುಪ್ಪ್ ಅನ್ನುವುದೂ ಅದೇ ಹಣ್ಣಾಗುವ ಮಾತು. ಎರಡು ಭಾಷೆಯವರೂ ಕಾಯುವುದು ಕೀವಿಗಾಗಿಯೇ. ಕೀವು ಬಂತು ಅಂದರೆ ರೋಗ ಹೊರಗೆ ಬಂತು ಅಂತ ಒಂದು ಸಮಾಧಾನ. ಹಾಗಾದರೆ ಕೀವು ಅಂದರೆ ಎಂತದು? ನಮ್ಮ ರಕ್ತದಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳಿವೆ. ಗಾಯದೊಳಗೆ ಬ್ಯಾಕ್ಟೀರಿಯಾ ಹೊಕ್ಕ ಕೂಡಲೇ ಅವು ಅಲ್ಲಿಗೆ ಓಡಿ ಬಂದು, ಬ್ಯಾಕ್ಟೀರಿಯಾವನ್ನು ನುಂಗಿ ತಾವೂ ಸಾಯುತ್ತವೆ. ಆ ಸತ್ತ ಕಣಗಳ ರಾಶಿಯೇ ಕೀವು. ಕಿಮೋ ಮಾಡಿಸಿಕೊಂಡವರ ರಕ್ತದಲ್ಲಿ ಈ ಕಣಗಳೇ ಬರಿದಾಗಿರುತ್ತವೆ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಕಣಗಳಿದ್ದರೂ ಗಾಯದ ಕಡೆಗೆ ಸರಿಯಾಗಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ ಅವು ಹೋದರೂ ಕೆಲಸ ಮಂದ. ಹಾಗಾಗಿ ಇವರ ಮೈಯಲ್ಲಿ ನಂಜು ಹಣ್ಣಾಗುವುದಿಲ್ಲ. ಹಣ್ಣಾಗದೆಯೇ ಒಳಗೆ ಹಬ್ಬುತ್ತದೆ. ಜ್ವರದ ಕತೆಯೂ ಇದೇ. ಸ್ಟೀರಾಯ್ಡ್ ಜ್ವರವನ್ನು ಅಡಗಿಸಿ ಇಡುತ್ತದೆ. ಮೈ ಬಿಸಿ ಇಲ್ಲ, ಕೀವಿಲ್ಲ, ಏನೂ ಆಗಿಲ್ಲ ಅಂತ ನಾವು ನೆಮ್ಮದಿಯಲ್ಲಿರುತ್ತೇವೆ.

ಇವರಿಗೆ ಬಂದದ್ದರ ಹೆಸರು ಮೊದಲು ಸೆಲ್ಯುಲೈಟಿಸ್. ಅಂದರೆ ಚರ್ಮದ ಒಳಪದರದ ಸೋಂಕು. ಹೆಚ್ಚಾಗಿ ಇದಕ್ಕೆ ಕಾರಣ ಸ್ಟ್ರೆಪ್ಟೋಕಾಕಸ್, ಸ್ಟೆಫೈಲೋಕಾಕಸ್ ಅನ್ನುವ ಎರಡು ಬ್ಯಾಕ್ಟೀರಿಯಾ. ಸ್ಟೆಫೈಲೋಕಾಕಸ್ ಎಲ್ಲಿಂದಲೋ ಬರಬೇಕಾಗಿಲ್ಲ, ಎಷ್ಟೋ ಜನರ ಮೂಗಿನೊಳಗೆ, ಚರ್ಮದ ಮೇಲೆ ಸುಮ್ನೆ ಕೂತಿರುತ್ತದೆ. ಆಮೇಲೆ ಅದು ಇನ್ನೂ ಆಳಕ್ಕೆ, ಸ್ನಾಯುವಿನ ಮೇಲಿನ ಹೊದಿಕೆಯವರೆಗೆ ಇಳಿಯಿತು. ಹಾಗೆ ಇಳಿದರೆ ಇಂಜೆಕ್ಷನ್ ಒಂದೇ ಸಾಕಾಗುವುದಿಲ್ಲ. ಕತ್ತರಿಸಿ ತೆಗೆಯಲೇಬೇಕು. ಅದರಲ್ಲಿ ದಿನದ ಲೆಕ್ಕ ಇಲ್ಲ, ಗಂಟೆಯ ಲೆಕ್ಕ. ಗಾಯ ಕಾಣುವುದಕ್ಕಿಂತ ನೋವು ವಿಪರೀತ ಜಾಸ್ತಿ ಇದ್ದರೆ, ಚರ್ಮ ನೇರಳೆಯಾಗಲಿ ಕಪ್ಪಾಗಲಿ ಆಗುತ್ತಿದ್ದರೆ, ನೀರು ತುಂಬಿದ ಬೊಕ್ಕೆ ಎದ್ದರೆ, ಅದು ಆ ರೋಗದ ಕುರುಹು. ಬೈರಾಸು ಸೋಕಿದರೆ ಹಲ್ಲು ಕಚ್ಚಿದ್ದು ಅದಕ್ಕೇ ಅಂತ ನನಗೆ ಆಮೇಲೆ ಅರ್ಥವಾಯಿತು.

ನಿರೋಧಕ ಶಕ್ತಿ ಇಳಿದವರಲ್ಲಿ ಬೇರೆ ಬ್ಯಾಕ್ಟೀರಿಯಾಗಳಿಗೂ ದಾರಿ ಸಿಗುತ್ತದೆ. ಕಿಮೋ ಆದವರಲ್ಲಿ ಸ್ಯೂಡೋಮೊನಾಸ್ ಅನ್ನುವುದು ಬರಬಹುದು. ಮೊದಲು ಕೆಂಪು ಕಲೆ, ಆಮೇಲೆ ಬೊಕ್ಕೆ, ಒಂದೆರಡು ದಿನದೊಳಗೆ ನಡುವೆ ಕಪ್ಪು ಹಕ್ಕಳೆ. ಕೆಲವೊಮ್ಮೆ ಅದು ರಕ್ತದಲ್ಲಿ ಹರಡಿದ ಸೋಂಕಿನ ಗುರುತು. ಲಿವರ್ ಕೆಟ್ಟವರು ಗಾಯ ಇಟ್ಟುಕೊಂಡು ಸಮುದ್ರದ ನೀರಿಗೆ, ಅಳಿವೆಯ ನೀರಿಗೆ ಇಳಿದರೆ ಅಲ್ಲಿಯ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾದಿಂದ ಅಪಾಯ. ಮಂಜೇಶ್ವರ, ಕುಂಬಳೆ ಕರಾವಳಿಯ ಮೀನುಗಾರ ಬಂಧುಗಳು ಇದನ್ನು ನೆನಪಿಡಬೇಕು.

ನಮ್ಮ ತೋಟದವರು ಮುಖ್ಯವಾಗಿ ತಿಳಿಯಬೇಕಾದ್ದು ಮೆಲಿಯಾಯ್ಡೋಸಿಸ್. ಇದರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ಕೆಸರಿನಿಂದ ಗಾಯದ ಮೂಲಕ ಮೈಗೆ ಸೇರುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕೇರಳ ಎಲ್ಲ ಕಡೆಯೂ ಕಂಡ ರೋಗ ಇದು. ಇದಕ್ಕೆ ಸಿಕ್ಕಿಬೀಳುವವರಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚು. ಹೊರಗೆ ನೋಡಿದರೆ ಒಂದು ಸಾಮಾನ್ಯ ಕುರು. ಒಳಗೆ ಶ್ವಾಸಕೋಶದಲ್ಲಿ, ಲಿವರಿನಲ್ಲಿ ಕೀವು ಕಟ್ಟಿರಬಹುದು. ಮಾಮೂಲಿ ಆಂಟಿಬಯೋಟಿಕ್ ಇದಕ್ಕೆ ತಾಗುವುದಿಲ್ಲ. ಮೊದಲು ರಕ್ತನಾಳಕ್ಕೆ ಕೊಡುವ ಬೇರೆಯೇ ಔಷಧಿ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡದೆ ಇದನ್ನು ಹಿಡಿಯುವುದು ಕಷ್ಟ. ಅದಕ್ಕೇ ಮೊದಲ ಆಂಟಿಬಯೋಟಿಕ್ ಕೊಡುವ ಮುಂಚೆ ರಕ್ತದ, ಗಾಯದ ಮಾದರಿ ತೆಗೆದಿಡಬೇಕು ಅನ್ನುವುದು.

ನಮ್ಮ ಸುತ್ತಲಲ್ಲಿ ಇಂಥ ಅಪಾಯದಲ್ಲಿ ಎಷ್ಟು ಜನ ಇದ್ದಾರೆ ಅಂತ ಸ್ವಲ್ಪ ಯೋಚಿಸಿ. ನಮ್ಮ ದಾರಿಯಲ್ಲೇ ಡಯಾಲಿಸಿಸ್‌ಗೆ ಹೋಗುವವರು ಇಬ್ಬರು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಮಂಗಳೂರಿಗೋ ಕಿಮೋಗೆ ಹೋಗಿ ಬರುವವರು ಹಲವರು. ಗಂಟುವಾತಕ್ಕೆ ಮೆಥೋಟ್ರೆಕ್ಸೇಟ್ ತಗೊಳ್ಳುವ ಹೆಂಗಸರು ಇದ್ದಾರೆ. ದಮ್ಮಿಗೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ ಅಜ್ಜಂದಿರು, ಎಚ್‌ಐವಿಗೆ ಚಿಕಿತ್ಸೆ ಪಡೆಯುವವರು, ಸ್ಪ್ಲೀನ್ (ಗುಲ್ಮ) ತೆಗೆದವರು ಇದ್ದಾರೆ. ಸಕ್ಕರೆ ಕಾಯಿಲೆ ಇಲ್ಲದ ಮನೆಯನ್ನಂತೂ ಹುಡುಕಿ ತೆಗೆಯಬೇಕು. ಆನೆಕಾಲಿನವರನ್ನೂ ಇಲ್ಲಿ ಸೇರಿಸುತ್ತೇನೆ. ಅವರ ದೇಹಕ್ಕೆ ಶಕ್ತಿ ಇದ್ದರೂ, ದುಗ್ಧರಸ ನಿಂತ ಆ ಕಾಲಿಗೆ ಇಲ್ಲ. ಅದಕ್ಕೇ ಅವರಿಗೆ ಮತ್ತೆ ಮತ್ತೆ ಚಳಿಜ್ವರ, ಬಾವು.

ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರನ್ನು ಮರೆಯುವುದು ಹೇಗೆ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯುವುದು 2000ದಲ್ಲೇ ನಿಂತಿತು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಮನೆಗಳಲ್ಲಿ ಹಾಸಿಗೆಯಲ್ಲೇ ದೊಡ್ಡವರಾದ ಮಕ್ಕಳು ಈಗಲೂ ಇದ್ದಾರೆ. ಮಗ್ಗುಲು ಬದಲಿಸಲಾಗದ ದೇಹಕ್ಕೆ ಬೆನ್ನಿನ ಹುಣ್ಣು ಬರುವುದು ಎಷ್ಟು ಸುಲಭ! ಆ ತಾಯಂದಿರಿಗೆ ಹುಣ್ಣು ತೊಳೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಹುಣ್ಣಿಗೆ ಆ ದಿನವೇ ಡಾಕ್ಟರು ಬೇಕು ಅನ್ನುವುದನ್ನು ಅವರ ಭಾಷೆಯಲ್ಲಿ ಬರೆದುಕೊಡಬೇಕು.

ಭಾಷೆಯ ಮಾತು ಬಂತು. ಅದನ್ನೂ ಹೇಳಿಬಿಡುತ್ತೇನೆ.

ಕಸಿ ಆದ ಮೇಲೆ ನಮಗೆ ಕೊಟ್ಟ ಡಿಸ್ಚಾರ್ಜ್ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ಸೂಚನೆಗಳು ಮಲಯಾಳದಲ್ಲಿವೆ. ಅತ್ತೆ ಕನ್ನಡ ಶಾಲೆಯಲ್ಲಿ ಕಲಿತವರು. ದಿನಾ ಬೆಳಗ್ಗೆ ಕನ್ನಡಕ ಹಾಕಿಕೊಂಡು ಪೇಪರಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಆ ಮನೆಯಲ್ಲಿ ರೋಗಿಯ ಮೈ ಮುಟ್ಟಿ ನೋಡುವವರು ಅವರು. ಆ ಕಾಗದವೂ ಗೋಡೆಯ ಸೂಚನೆಯೂ ಅವರಿಗೆ ಓದಲು ಬರುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಭಾಷೆಯವರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು ಅಂತ ಇದೆ. ಈ ಪತ್ರವನ್ನು ನಾನು ಆ ಹಕ್ಕಿನಿಂದಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅರ್ಜಿಗೆ ಇರುವ ಹಕ್ಕು ಔಷಧಿ ಚೀಟಿಗೂ ಇರಬೇಕು ಅಲ್ವಾ? ನಮ್ಮ ಯಜಮಾನರ ವಿಷಯದಲ್ಲಿ "ಕಿಡ್ನಿ ಆಪರೇಷನ್" ಅನ್ನುವ ಎರಡು ಶಬ್ದ ಒಂದು ಮೇಜಿನ ಈಚೆಯಿಂದ ಆಚೆಗೆ ಹೋಗುವಾಗ ಅರ್ಥ ಬದಲಾಯಿತು. ಅದರ ಬೆಲೆಯನ್ನು ಅವರ ಕಾಲು ಕೊಟ್ಟಿತು.

ಹಾಗಾಗಿ ಮಾನ್ಯರೇ, ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಒಂದು ಕಾರ್ಡು.

ಅಂಗೈಯಗಲದ, ನೀರು ತಾಗಿದರೂ ಹಾಳಾಗದ ಒಂದು ಕಾರ್ಡು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಮಲಯಾಳದ ಬದಿಯಲ್ಲಿ ಡಾಕ್ಟರಿಗಾಗಿ: ಈ ರೋಗಿಯ ನಿರೋಧಕ ಶಕ್ತಿ ಕಡಿಮೆ, ಕಾರಣ ಇಂಥದ್ದು, ತಗೊಳ್ಳುವ ಔಷಧಿ ಇವು, ಜ್ವರವಾಗಲಿ ಕೀವಾಗಲಿ ಇಲ್ಲದಿದ್ದರೂ ಚರ್ಮದ ಸೋಂಕು ಇರಬಹುದು, ಇಂದೇ ನೋಡಿ. ಕನ್ನಡದ ಬದಿಯಲ್ಲಿ ಮನೆಯವರಿಗಾಗಿ: ಮುಟ್ಟಿ ನೋಡಿ, ಬಿಸಿಯಿದ್ದರೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ, ತಕ್ಷಣ ಹೊರಡಿ, ಇಂಥ ನಂಬರಿಗೆ ಫೋನ್ ಮಾಡಿ. ಕಸಿ, ಕಿಮೋ, ಡಯಾಲಿಸಿಸ್, ದೀರ್ಘ ಕಾಲದ ಸ್ಟೀರಾಯ್ಡ್, ಇವುಗಳಲ್ಲಿ ಯಾವುದಿದ್ದರೂ ಆ ಕಾರ್ಡು ಕೊಡಿ. ಒಪಿ ಚೀಟಿ ಕೊಡುವ ಕಿಟಕಿಯಲ್ಲಿ ಅದನ್ನು ತೋರಿಸಿದವರನ್ನು ಸಾಲಿನಲ್ಲಿ ಕೂರಿಸದೆ ಒಳಗೆ ಕಳಿಸಲಿ. ಕಿಮೋ ಆದವರಿಗೆ ಇದು ಇನ್ನೂ ಮುಖ್ಯ. ಕಿಮೋ ಆಗಿ ಸುಮಾರು 7ರಿಂದ 14 ದಿನದ ನಡುವೆ ಬಿಳಿ ಕಣ ತಳ ಮುಟ್ಟುತ್ತದೆ. ನ್ಯೂಟ್ರೋಫಿಲ್ ಲೆಕ್ಕ 500ಕ್ಕಿಂತ ಇಳಿದಾಗ 101 ಡಿಗ್ರಿ ಜ್ವರ ಒಮ್ಮೆ ಬಂದರೂ, 100.4 ಡಿಗ್ರಿ ಒಂದು ಗಂಟೆ ನಿಂತರೂ ಅದು ತುರ್ತು. ಒಂದು ಗಂಟೆಯೊಳಗೆ ಮೊದಲ ಆಂಟಿಬಯೋಟಿಕ್ ರಕ್ತಕ್ಕೆ ಸೇರಬೇಕು. ಗಡಿ ಹಳ್ಳಿಯಿಂದ ಮಂಗಳೂರಿಗೆ ಮುಟ್ಟುವುದಕ್ಕೇ ಒಂದೂವರೆ ಗಂಟೆ ಬೇಕು.

ಅದಕ್ಕೇ ಎರಡನೆಯ ಕೋರಿಕೆ. ಮೊದಲ ಡೋಸು ಇಲ್ಲೇ ಸಿಗಲಿ. ರಕ್ತದ ಮಾದರಿ ತೆಗೆದು, ಮೊದಲ ಇಂಜೆಕ್ಷನ್ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವಷ್ಟು ವ್ಯವಸ್ಥೆ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ಇರಲಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಮೇಲೆ ಈ ಭಾಗದ ಜನ ಎಷ್ಟು ಆಸೆ ಇಟ್ಟಿದ್ದಾರೆ ಅಂತ ನಿಮಗೆ ಗೊತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ದಾರಿ ಕಡಿದಾಗ ನಮ್ಮ ರೋಗಿಗಳು ಪಟ್ಟ ಪಾಡನ್ನು ನಾವು ಮರೆತಿಲ್ಲ. ಆಂಬ್ಯುಲೆನ್ಸಿನಲ್ಲೇ ಜೀವ ಹೋದವರಿದ್ದರು. ನಮ್ಮ ಜೀವ ಇನ್ನೊಂದು ರಾಜ್ಯದ ಗೇಟಿನ ಮೇಲೆ ನಿಲ್ಲಬಾರದು.

ಮೂರನೆಯದು ನಮ್ಮ ಆಶಾ ಕಾರ್ಯಕರ್ತೆಯರ, ಪಾಲಿಯೇಟಿವ್ ಸಿಸ್ಟರುಗಳ ವಿಷಯ. ನಮ್ಮ ಯಜಮಾನರನ್ನು ಉಳಿಸಿದ್ದು ಐದು ರೂಪಾಯಿಯ ಬಾಲ್‌ಪೆನ್ನು ಮತ್ತು ಅದನ್ನು ಹಿಡಿದ ಕೈ. ಆ ಕೈಗೆ ತಿಳಿದಿದ್ದುದು ಎಲ್ಲರಿಗೂ ತಿಳಿಯುವ ಹಾಗೆ ಮಾಡಿ. ಮಳೆಗಾಲ ಸುರುವಾಗುವ ಮೊದಲು, ಮೇ ತಿಂಗಳಲ್ಲಿ, ಅರ್ಧ ದಿನದ ತರಬೇತಿ ಸಾಕು. ಗೆರೆ ಎಳೆಯುವುದು, ಕಪ್ಪು ಚರ್ಮದಲ್ಲಿ ಬಾವು ಗುರುತಿಸುವುದು, ಮಾತ್ರೆಯ ಪಟ್ಟಿ ಕೇಳುವುದು, ಇಷ್ಟು. ಗಡಿ ಪಂಚಾಯತುಗಳಿಗೆ ನೇಮಕ ಆಗುವವರಿಗೆ ಒಂದು ನೂರು ಕನ್ನಡ ಶಬ್ದ ಕಲಿಸಿ. ನಂಜು, ಬಾವು, ಕುರು, ಸೆಳೆತ, ಉರಿ, ಕಸಿ. ಮನಸ್ಸಿದ್ದರೆ ಒಂದು ವಾರದ ಕೆಲಸ.

ಇನ್ನು ಊರಿನವರಿಗೆ.

ನಂಜು ಅಂದ ಕೂಡಲೇ ನಾವು ಮೊದಲು ಮಾಡುವುದು ಪಥ್ಯ. ಬದನೆಕಾಯಿ ಬೇಡ, ಹಲಸು ಬೇಡ, ಒಣಮೀನು ಬೇಡ. ಪಥ್ಯ ಮಾಡುವುದಾದರೆ ಮಾಡಿ, ಆಸ್ಪತ್ರೆಯ ದಾರಿಯಲ್ಲಿ ಮಾಡಿ. ಬದನೆಕಾಯಿ ಬಿಟ್ಟು ಮೂರು ದಿನ ಕಾಯುವಷ್ಟು ಸಮಯ ಈ ರೋಗಿಗಳಿಗೆ ಇಲ್ಲ. ಗಾಯಕ್ಕೆ ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡುವುದು, ಸುಣ್ಣ ಹಚ್ಚುವುದು, ಕುರುವನ್ನು ಹಿಸುಕುವುದು, ಬಿಸಿ ಅಕ್ಕಿಯ ಶಾಖ ಕೊಡುವುದು, ಇವನ್ನೆಲ್ಲ ಇವರ ಮೈಮೇಲೆ ಮಾಡಬೇಡಿ. ಚೊಕ್ಕ ನೀರು, ಸಾಬೂನು, ಮುಚ್ಚಲು ಒಂದು ಶುದ್ಧ ಬಟ್ಟೆ. ಡಾಕ್ಟರು ನೋಡುವವರೆಗೆ ಅಷ್ಟು ಸಾಕು.

ಮೆಡಿಕಲ್ ಶಾಪಿನಲ್ಲಿ ಹೇಳಿ ತರುವ ಕ್ರೀಮುಗಳ ಬಗ್ಗೆ ಒಂದು ಮಾತು. ತುರಿಗೆ, ಹುಳಕಡ್ಡಿಗೆ ಅಂತ ಕೊಡುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಸೇರಿದೆ. ಹಚ್ಚಿದ ಮರುದಿನ ಉರಿ ಕಡಿಮೆಯಾಗುತ್ತದೆ, ಕೆಂಪು ಇಳಿಯುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ. 2018ರಲ್ಲೇ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರಕಾರ ಮಾಡಿದೆ. ಆಂಟಿಬಯೋಟಿಕ್ ಮಾತ್ರೆಯೂ ಹಾಗೆಯೇ. ಕೇರಳದಲ್ಲಿ ಚೀಟಿ ಇಲ್ಲದೆ ಕೊಡುವ ಅಂಗಡಿಗಳ ಮೇಲೆ 2024ರಿಂದ ಆಪರೇಷನ್ ಅಮೃತ್ ಅಂತ ತಪಾಸಣೆ ನಡೆಯುತ್ತಿದೆ. ಒಳ್ಳೆಯ ಕೆಲಸ. ಇದು ಬರೀ ಕಾನೂನಿನ ಮಾತಲ್ಲ. ಟ್ಯಾಕ್ರೋಲಿಮಸ್ ತಗೊಳ್ಳುವವರಿಗೆ ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಕೊಟ್ಟರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಏರಿ ಕಿಡ್ನಿಗೇ ಪೆಟ್ಟು. ಮೆಥೋಟ್ರೆಕ್ಸೇಟ್ ತಗೊಳ್ಳುವವರಿಗೆ ಕೋಟ್ರೈಮೋಕ್ಸಜೋಲ್ ಕೊಟ್ಟರೆ ಮೂಳೆಯ ಮಜ್ಜೆ ಸೊರಗಿ ರಕ್ತಕಣಗಳು ಕುಸಿಯಬಹುದು. ನೋವಿಗೆ ಅಂತ ಸುಮ್ನೆ ನುಂಗುವ ಡೈಕ್ಲೋಫಿನಾಕ್ ಕಿಡ್ನಿಗೆ ಕೆಟ್ಟದ್ದು. ಯಾವ ಅಂಗಡಿಗೆ ಹೋದರೂ, ಯಾವ ಡಾಕ್ಟರ ಹತ್ತಿರ ಹೋದರೂ ಮಾತ್ರೆಯ ಪಟ್ಟಿ ಮೊದಲು ತೋರಿಸಿ.

ಹಾಗಂತ ಹೆದರಿ ಕಸಿಯ ಮಾತ್ರೆಯನ್ನೋ ಸ್ಟೀರಾಯ್ಡನ್ನೋ ನೀವಾಗಿ ನಿಲ್ಲಿಸಬೇಡಿ. ಆಸ್ಪತ್ರೆಯಲ್ಲಿ ಒಬ್ಬರು ಹಾಗೆ ನಿಲ್ಲಿಸಿ ಬಂದಿದ್ದರು. ಮಾತ್ರೆ ಇಳಿಸುವುದೋ ಬಿಡುವುದೋ ಅದನ್ನು ತೀರ್ಮಾನಿಸಬೇಕಾದವರು ಕಸಿಯ ಡಾಕ್ಟರು.

ಕಾಲಿನ ಬೆರಳ ಸಂದು ನೋಡಿ. ಮಳೆಗಾಲದಲ್ಲಿ ಅಲ್ಲಿ ಕೆಸರುಹುಣ್ಣು ಆಗದ ಕೃಷಿಕ ಯಾರಿದ್ದಾರೆ? ಆ ಬಿರುಕೇ ಬ್ಯಾಕ್ಟೀರಿಯಾದ ಬಾಗಿಲು. ಉಳಿಯತ್ತಡ್ಕದಲ್ಲಿ 1999ರಿಂದ ಇರುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲಿನ ಚಿಕಿತ್ಸೆಗೆ ದೂರದೂರಕ್ಕೆ ಹೆಸರಾಗಿದೆ. ಅಲ್ಲಿ ರೋಗಿಗಳಿಗೆ ಕಲಿಸುವುದರಲ್ಲಿ ದೊಡ್ಡ ಪಾಲು ಇದೇ. ಕಾಲು ತೊಳೆಯುವುದು, ಬೆರಳ ಸಂದನ್ನು ಒಣ ಬಟ್ಟೆಯಿಂದ ಒತ್ತಿ ಒರೆಸುವುದು, ಚರ್ಮ ಒಡೆಯದ ಹಾಗೆ ನೋಡಿಕೊಳ್ಳುವುದು. ನಮ್ಮ ಜಿಲ್ಲೆಯಲ್ಲೇ ಇರುವ ಈ ತಿಳಿವಳಿಕೆ ಸಕ್ಕರೆ ಕಾಯಿಲೆಯವರಿಗೂ ಕಸಿಯಾದವರಿಗೂ ಮುಟ್ಟಲಿ. ಬರಿಗಾಲಲ್ಲಿ ತೋಟಕ್ಕೆ ಇಳಿಯುವುದು ನಮ್ಮ ಹಳೆಯ ಅಭ್ಯಾಸ, ನನಗೂ ಗೊತ್ತು. ಗಮ್‌ಬೂಟು ಹಾಕಿ. ನೀರಿನ ಸುರಂಗದೊಳಗೆ ಹೂಳು ತೆಗೆಯಲು ಹೋಗುವವರಂತೂ ಕಾಲಿನಲ್ಲಿ ಗಾಯ ಇದ್ದರೆ ಆ ದಿನ ಬೇರೆಯವರನ್ನು ಕಳಿಸಿ. ಕ್ಷೌರದ ಬ್ಲೇಡು, ಬೈರಾಸು ಬೇರೆ ಬೇರೆ ಇರಲಿ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಮನೆಯ ಮಕ್ಕಳ ಹತ್ತಿರ ನೋಡಲು ಹೇಳಿ.

ನಮ್ಮ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ನೂಲು ಕಟ್ಟಿ ಒಂದು ನೀಲಿ ಬಾಲ್‌ಪೆನ್ ತೂಗುಹಾಕಿದ್ದೇನೆ. ಅದರ ಪಕ್ಕ ಒಂದು ರಟ್ಟಿನ ಮೇಲೆ ಮಾತ್ರೆಗಳ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ. ಮಲಯಾಳದಲ್ಲಿ ಬರೆದುಕೊಟ್ಟದ್ದು ಆ ಪಾಲಿಯೇಟಿವ್ ಸಿಸ್ಟರ್. "ಕಿಡ್ನಿ ಆಪರೇಷನ್" ಅಂತ ಇದ್ದದ್ದನ್ನು ಹೊಡೆದು ಹಾಕಿ, "ಬೇರೊಬ್ಬರ ಕಿಡ್ನಿ ಜೋಡಿಸಿದ್ದು" ಅಂತ ಅವರೇ ತಿದ್ದಿದರು. ಆ ರಟ್ಟನ್ನು ಫೋಟೋ ತೆಗೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಕಾರ್ಡು ಹೇಗಿರಬೇಕು ಅಂತ ಇಲಾಖೆಯವರಿಗೆ ಅದರಿಂದ ತಿಳಿಯಬಹುದು. ತಿದ್ದುವುದಿದ್ದರೆ ತಿದ್ದಿ, ಚೆನ್ನಾಗಿ ಅಚ್ಚು ಹಾಕಿಸಿ. ಬರುವ ಇಡವಪಾತಿ, ಅಂದರೆ ಮುಂಗಾರು ಮಳೆಯ ಮೊದಲು ಮನೆ ಮನೆಗೆ ಮುಟ್ಟಿಸಿ. ಹಂಚಲು ಜನ ಸಾಲದಿದ್ದರೆ ನಾನೂ ಬರುತ್ತೇನೆ, ನಾದಿನಿಯೂ ಬರುತ್ತಾಳೆ.

ಉತ್ತರವನ್ನು ದಯವಿಟ್ಟು ಕನ್ನಡದಲ್ಲಿ ಬರೆಯಿರಿ. ಅತ್ತೆ ಓದಬೇಕು ಅಂತ ಕಾಯುತ್ತಿದ್ದಾರೆ.

ಇತಿ,
ಕಾಸರಗೋಡಿನ ಗಡಿ ಹಳ್ಳಿಯ ಒಬ್ಬ ಕೃಷಿಕ ಮಹಿಳೆ